ಹುಣಸೆ ಕುಟ್ಟುವ ಬೈಗುಳ

ಹಿಂದೂಪುರದ ಹುಣಸೆ ಗೋದಾಮಿನಲ್ಲಿ ನಾನು ಹಣ್ಣು ಕುಟ್ಟಿ ಬೀಜ ತೆಗೆಯುತ್ತೇನೆ. ಏಟು ಜೋರಾದರೆ ಬೀಜ ಒಡೆದು ಹಣ್ಣು ಕೆಡುತ್ತದೆ. ಕಲ್ಯಾಣದುರ್ಗದಿಂದ ಬಂದು ಹೊಸದಾಗಿ ಸೇರಿದ್ದ ಹೆಂಗಸು ದಿನವೂ ಒಡೆಯುತ್ತಿದ್ದಳು.

"ನಾಳೇನೂ ಒಡದ್ರೆ ಬರಬ್ಯಾಡ ಕಣಮ್ಮ" ಎಂದ ಸಾಹುಕಾರ.

ಅವಳು ನನ್ನ ಪಕ್ಕ ಬಂದು ಕೂತಳು. "ಅಜ್ಜೀ, ವಸಿ ಹೇಳ್ಕೊಡಿ."

"ಹೇಳಾಕೆ ನಂಗ್ ಬರಲ್ಲ ಕಣೇ. ನೋಡ್ಕೊಂಡು ಕಲ್ತ್ಕೋ."

ಎಲ್ಲವನ್ನೂ ಕಲಿತಳು. ಸತ್ತ ನನ್ನ ಗಂಡನನ್ನು "ಎಲ್ಲಿ ಹೋದ್ಯೋ, ಸೋಮಾರೀ" ಎಂದು ಬೈಯುತ್ತಾ ಕುಟ್ಟುವುದು ನನ್ನ ಚಟ. "ಸೋಮಾರೀ" ಎನ್ನುವಾಗ ಮರದ ಕೊಡತಿ ಹದವಾಗಿ ಬೀಳುತ್ತದೆ. ಅವಳೂ ಹಾಗೇ ಬೈದು ಕುಟ್ಟಿದಳು. ಒಂದು ಬೀಜವೂ ಒಡೆಯಲಿಲ್ಲ.

"ಬೈಗುಳ ಬಿಡೇ, ಅದು ನಮ್ಮನೆ ವಿಷ್ಯ" ಎಂದೆ. ಬಿಟ್ಟಳು, ಮೂರು ಬೀಜ ಒಡೆದವು. ಮತ್ತೆ ಬೈದಳು, ಸರಿಹೋಯಿತು.

ಮರುದಿನ ಸಾಹುಕಾರ ಅವಳ ಬುಟ್ಟಿ ನೋಡಿ, "ಇನ್ಮೇಲೆ ದಿನಾ ಬಾ" ಎಂದ. ನನ್ನ ಗಂಡ ಬದುಕಿದ್ದಾಗ ಯಾರಿಗೂ ಇಷ್ಟು ಉಪಕಾರ ಮಾಡಿದವನಲ್ಲ.

ಇದನ್ನು ಕಂಡು ಉಳಿದ ಹೆಂಗಸರೂ ಹಾಗೇ ಬೈಯುತ್ತಾ ಕುಟ್ಟಲು ಶುರುಮಾಡಿದರು. ಮಧ್ಯಾಹ್ನ ಬುತ್ತಿ ತಂದ ಕಲ್ಯಾಣದುರ್ಗದವಳ ಗಂಡ, ಹೆಂಡತಿಯ ಬೈಗುಳ ಕೇಳಿ ಬಾಗಿಲಲ್ಲೇ ನಿಂತುಬಿಟ್ಟ.

"ನಾನೇನ್ ಮಾಡ್ದೆ ಅಜ್ಜೀ?"

"ನೀನೇನೂ ಮಾಡಿಲ್ಲ ಕಣಪ್ಪ. ಬುತ್ತಿ ಇಟ್ಟು ಹೋಗು, ಇಲ್ಲಿ ಕೆಲ್ಸ ನಡೀತೈತೆ" ಎಂದೆ.