ಸಂಜೆಯವರೆಗೆ ನಿಲ್ಲುವ ಘಮ

ರಸಾಯನಶಾಸ್ತ್ರ ಓದಿ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದ ಬೇಸಿಗೆಯಲ್ಲಿ ನಾನು ಗಜೇಂದ್ರಗಡದ ಅತ್ತೆಯ ಮನೆಯಲ್ಲಿದ್ದೆ. ಅತ್ತೆ ನನ್ನ ತಂದೆಯ ತಂಗಿ. ಗಂಡ ತೀರಿಕೊಂಡ ಮೇಲೆ ತಲೆಗೆ ಹಚ್ಚುವ ಸುಗಂಧದ ಎಣ್ಣೆ ಮಾಡಿ ಜೀವನ ನಡೆಸುತ್ತಿದ್ದಳು. ಮದುಮಗಳಿಗೆ ಎಣ್ಣೆ ಹಚ್ಚುವ ಶಾಸ್ತ್ರಕ್ಕೆ ಓಣಿಯವರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಆ ವರ್ಷ ರೋಣದ ಅಂಗಡಿಕಾರನೊಬ್ಬ ಮೊದಲ ಸಲ ಅವಳ ಎಣ್ಣೆ ಒಯ್ದಿದ್ದ. ಮರುಸಂತೆಗೆ ಬಂದಾಗ ಗೋಣಿಚೀಲದಲ್ಲಿ ಸೀಸೆಗಳನ್ನು ಮರಳಿ ತಂದು ಕಟ್ಟೆಯ ಮೇಲಿಟ್ಟ.

“ಅಕ್ಕಾರ, ಮುಂಜಾನೆ ಭಾಳ ಚಲೋ ಇರ್ತದರಿ. ಸಂಜಿ ಆಗೂದ್ರಾಗ ಏನೋ ಒಂದು ನಾತ.”

“ಎಂಥಾ ನಾತ?”

“ನಾತ ಅಂದ್ರ ನಾತರಿ. ಅದನ್ನೇನು ಬಿಡಿಸಿ ಹೇಳೂದು? ಲಗ್ನದ ದಿನ ಮುಗಿಯೂದ್ರಾಗ ಚಂದಾಗಿ ಮಾಡಿಕೊಡ್ರಿ, ಒಯ್ತೀನಿ. ಇಲ್ಲಾಂದ್ರ ಇಲ್ಲಿಗೇ ಬಿಡೂಣು.”

ಅಂಗಡಿ ಕೈಬಿಟ್ಟರೆ ಓಣಿಯ ಮದುವೆಗಳಿಂದಷ್ಟೇ ಅವಳ ಮನೆ ನಡೆಯುತ್ತಿರಲಿಲ್ಲ. ಆಗ ಉಳಿಯುವುದು ನರಗುಂದದಲ್ಲಿ ಮೈದುನನ ಮನೆ. ಅಡುಗೆಗೆ ಕೈ ಸಾಲದೆಂದು ಅವರು ಆಗಲೇ ಎರಡು ಸಲ ಹೇಳಿಕಳಿಸಿದ್ದರು. ಒಮ್ಮೆ ಹೋದರೆ ಆ ಒಲೆಯ ಮುಂದಿನಿಂದ ಏಳುವ ಹಾಗಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಸೀಸೆಯೊಂದರ ಬಿರಡೆ ತೆಗೆದೆ.

ಕಾಲೇಜಿನ ಗ್ರಂಥಾಲಯದಲ್ಲಿ ಸುಗಂಧ ದ್ರವ್ಯಗಳ ಮೇಲೊಂದು ಪುಸ್ತಕ ಓದಿದ್ದೆ. ಸುಗಂಧ ಮಾಡುವವರು ಸಂಗೀತದವರಿಂದ ಮಾತು ಕಡ ತಂದಿದ್ದಾರೆ, ಒಂದೇ ಸುಗಂಧದಲ್ಲಿ ಮೇಲಿನ ಸ್ವರ, ನಡುವಿನ ಸ್ವರ, ತಳದ ಸ್ವರ ಎಂದು ಮೂರು ಎಣಿಸುತ್ತಾರೆ ಎಂದು ಅತ್ತೆಗೆ ಹೇಳಿದೆ.

“ವಾಸನಿಗೆ ಸ್ವರಾ? ಅದೇನು ಹಾಡ್ತದೇನವಾ?”

ಬಾಷ್ಪಶೀಲ ಎಂಬ ಶಬ್ದ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಕೆಲವು ವಾಸನೆ ಗಾಳಿ ತಾಕಿದೊಡನೆ ಹೋಗುತ್ತವೆ, ಕೆಲವು ಮಧ್ಯಾಹ್ನದವರೆಗೆ ಇರುತ್ತವೆ, ಕೆಲವು ಚರ್ಮವನ್ನೇ ಬಿಡುವುದಿಲ್ಲ ಎಂದೆ. ಅತ್ತೆ ಮೊರದಲ್ಲಿದ್ದ ಎಣ್ಣೆಯ ಸಾಮಾನುಗಳ ಮೇಲೆ ಕೈಯಾಡಿಸಿದಳು. ಆಮೇಲೆ ದವನದ ಕಡ್ಡಿ ಎತ್ತಿ ಹಿಡಿದು, “ಇದು ಹಾರೂದು,” ಎಂದಳು. ಒಣಗಿದ ಗುಲಾಬಿ ಎಸಳು ಮುಟ್ಟಿ, “ಇದು ನಿಂದ್ರೂದು.” ಲಾವಂಚದ ಬೇರನ್ನೂ ಕಚೋರದ ಗಡ್ಡೆಯನ್ನೂ ಒಟ್ಟಿಗೆ ಸರಿಸಿ, “ಇವು ಕೂಡ್ರೂವು. ಒಮ್ಮೆ ಕುಂತ್ರ ಏಳಂಗಿಲ್ಲ, ನಮ್ಮ ಬೀಗರಂಗ.”

ಪುಸ್ತಕದ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಅಂದಿನಿಂದ ನಮ್ಮಿಬ್ಬರ ನಡುವೆ ಹಾರುವುದು, ನಿಲ್ಲುವುದು, ಕೂರುವುದು ಎಂದೇ ನಡೆಯಿತು.

“ಹಚ್ಚಿಕೊಂಡ ಮ್ಯಾಲೆ ಸಂಜಿಗೆ ಈ ಎಣ್ಣಿ ಹ್ಯಾಂಗ ಇರ್ತದ, ಅತ್ತಿ?”

“ನನಗೇನು ಗೊತ್ತು? ನಾ ಎಲ್ಲಿ ಹಚ್ಚಿಕೊಂಡೀನಿ?”

ಅದು ನನಗೆ ಹೊಳೆದೇ ಇರಲಿಲ್ಲ. ಗಂಡ ಸತ್ತವಳು ಹೂ ಮುಡಿಯುವುದಿಲ್ಲ, ಸುಗಂಧ ಪೂಸಿಕೊಳ್ಳುವುದಿಲ್ಲ. ಅಷ್ಟೂ ವರ್ಷ ಅವಳು ಪಾತ್ರೆಯ ಮುಚ್ಚಳ ತೆಗೆದು ಮೂಸಿ, ಚಲೋ ಆಗಿದೆ ಎಂದು ಸೀಸೆಗೆ ತುಂಬಿದ್ದಳು. ಪಾತ್ರೆಯ ಬಾಯಿಗೆ ಮೊದಲು ಬರುವುದು ಹಾರುವ ವಾಸನೆ. ಸಂಜೆಯ ವಾಸನೆ ಅವಳ ಮೂಗಿಗೆ ಸಿಕ್ಕಿರಲೇ ಇಲ್ಲ. ಅವಳಿಂದ ಒಯ್ದ ಮನೆಗಳವರೂ ಹೇಳಿರಲಿಲ್ಲ. ಶಾಸ್ತ್ರದ ಎಣ್ಣೆಯನ್ನು ಅರಿಶಿಣದ ಜೊತೆ ಹಚ್ಚಿ, ಕೂಡಲೇ ಬಿಸಿನೀರು ಹಾಕಿ ತೊಳೆಯುತ್ತಿದ್ದರಲ್ಲ.

ಮರುದಿನ ಬೆಳಿಗ್ಗೆ ನನ್ನ ಮಣಿಕಟ್ಟಿಗೆ ಹಚ್ಚಿಕೊಂಡೆ. ಅತ್ತೆ ರೊಟ್ಟಿ ಬಡಿಯುತ್ತಲೇ ಒಮ್ಮೆ ಮೂಸಿದಳು, ಊಟದ ಹೊತ್ತಿಗೆ ಒಮ್ಮೆ ಮೂಸಿದಳು. ದೀಪ ಹಚ್ಚುವ ಹೊತ್ತಿಗೆ ನನ್ನ ಕೈ ಹಿಡಿದವಳು ಮುಖ ಕಿವುಚಿದಳು.

“ಕಮಟು. ಶೇಂಗಾ ಎಣ್ಣಿ ಕಮಟು. ಅಂವಾ ಹೇಳಿದ್ದು ಖರೇ ಅದ.”

ದವನ ಹಾರಿತ್ತು, ಗುಲಾಬಿ ಬಹಳ ಹೊತ್ತು ನಿಂತಿರಲಿಲ್ಲ, ಇದ್ದಷ್ಟು ಲಾವಂಚ ಸಾಲದೆ ತಳದಲ್ಲಿ ಕೂತಿದ್ದದ್ದು ಗಾಣದ ಶೇಂಗಾ ಎಣ್ಣೆಯೊಂದೇ. ಮತ್ತೆ ಮಾಡಿದೆವು. ಶೇಂಗಾ ಬಿಟ್ಟು ಎಳ್ಳೆಣ್ಣೆ ತೆಗೆದುಕೊಂಡೆವು. ಲಾವಂಚ ಹೆಚ್ಚಿಸಿದೆವು. ಎಲ್ಲವನ್ನೂ ಒಟ್ಟಿಗೆ ಕುದಿಸುವ ರೂಢಿ ಬಿಟ್ಟು, ಬೇರುಗಳನ್ನು ಮೊದಲು ಕಾಯಿಸಿ, ಆರಿದ ಮೇಲೆ ದವನವನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟೆವು. ಮೊದಲ ಪಾತ್ರೆಗೆ ಲಾವಂಚದ್ದೇ ವಾಸನೆ ಬಂತು, ಹಸಿ ಮಣ್ಣಿನಂತೆ. ಅತ್ತೆ ಬೇರು ಕಡಿಮೆ ಮಾಡಿ ಇನ್ನೊಂದು ಇಟ್ಟಳು.

ಅದು ಆರುತ್ತಿರುವಾಗ ಹೇಳಿದೆ: “ಜೂನ್‌ನಾಗ ನಾ ಸಾಲಿ ನೌಕರಿಗೆ ಹೋಗ್ತೀನಿ. ಆಮ್ಯಾಲೆ ಯಾರ ಕೈಗೆ ಹಚ್ಚಿ ನೋಡ್ತಿ?”

ಅಷ್ಟರಲ್ಲಿ ಪಕ್ಕದ ಮನೆಯಾಕೆ ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲೇ ನಿಂತಳು.

“ಏನವಾ, ಮನಿ ತುಂಬ ಘಮಘಮ. ಯಾರ ಸಿಂಗಾರ ನಡದದ?”

“ಕುಂಡ್ರು, ತೋರಸ್ತೀನಿ,” ಎಂದ ಅತ್ತೆ ಬೆರಳನ್ನು ಎಣ್ಣೆಯಲ್ಲಿ ಅದ್ದಿ ತನ್ನ ಮಣಿಕಟ್ಟಿಗೆ ಸವರಿಕೊಂಡಳು.

“ಅಯ್ಯ, ಮಂದಿ ಏನಂತಾರ?”

“ಅಡಿಗಿ ಮಾಡಾಕಿ ಉಪ್ಪು ನೋಡಂಗಿಲ್ಲೇನು? ಇದೂ ಹಂಗ. ಮಂದಿ ಕೇಳಿದ್ರ ನೀನ ಹೇಳು. ಹ್ಯಾಂಗೂ ಹೇಳಾಕೀನ ಅದಿ.”

ಆಕೆ ಮಜ್ಜಿಗೆ ಮರೆತು ಹೋದಳು. ಓಣಿಯಲ್ಲಿ ಮಾತು ಎದ್ದೇ ಎದ್ದಿತು. ಅತ್ತೆ ಮಾತ್ರ ದಿನವೂ ಹಚ್ಚಿಕೊಂಡಳು, ಸಂಜೆ ಮೂಸಿದಳು, ಮರುದಿನ ಒಂದಿಷ್ಟು ಕಚೋರ ಕೂಡಿಸಿದಳು, ಒಂದಿಷ್ಟು ಬೇರು ತೆಗೆದಳು.

ಅಂಗಡಿಕಾರ ಬಂದು ಎಂದಿನಂತೆ ಬಿರಡೆ ತೆಗೆದು ಮೂಗಿಗೆ ಹಿಡಿದ. ಅತ್ತೆ ಸೀಸೆ ಕಸಿದುಕೊಂಡಳು.

“ಹಂಗ ಮೂಸಬ್ಯಾಡ್ರಿ. ಕೈಗೆ ಹಚ್ಚಿಕೊಂಡು ಸಂತಿ ಮುಗಿಸಿ ಬರ್ರಿ.”

ಹೊತ್ತು ಇಳಿಯುವಾಗ ಬಂದ. ಅಂಗಿಯ ತೋಳು ಮೇಲಕ್ಕೆ ಮಡಿಚಿದ್ದ. ಕಟ್ಟೆಯ ಮೇಲೆ ಕೂತು ಇನ್ನೊಮ್ಮೆ ಮಣಿಕಟ್ಟು ಮೂಸಿ, “ಈ ಸಲ ಹೋಗವಲ್ದರಿ ಅಕ್ಕಾರ,” ಎಂದ.

“ಕುಂತದ,” ಎಂದಳು ಅತ್ತೆ, ಅವನಿಗಲ್ಲ, ನನಗೆ. ಸೀಸೆಗಳನ್ನು ಚೀಲಕ್ಕೆ ತಾನೇ ಜೋಡಿಸಿ ಕೊಟ್ಟಳು. ಅವನು ಓಣಿ ತಿರುಗಿದ ಮೇಲೆ ಒಳಗೆ ಬಂದು, ನರಗುಂದಕ್ಕೆ ಹೋಗುವವರು ಯಾರಾದರೂ ಇದ್ದಾರೇನು ನೋಡು ಎಂದಳು.

“ಅಡಿಗಿಗೆ ಬ್ಯಾರೆಯವರನ್ನ ನೋಡಿಕೊಳ್ರಿ ಅಂತ ಹೇಳಿಕಳಸು. ನನಗ ಕೈತುಂಬ ಕೆಲಸ ಅದ.”