ಬರೆಯದೆ ಬಿಟ್ಟ ಹಳದಿ ಹಾಳೆ

ಕಪಾಟು ಖಾಲಿ ಮಾಡುವಾಗ ಹಳದಿ ಹಾಳೆಗಳ ಕಟ್ಟೊಂದು ಕೈಗೆ ಬಂತು. ಒಂದರ ಮೇಲೂ ಅಕ್ಷರವಿಲ್ಲ. ನುಸಿಗುಳಿಗೆಯ ವಾಸನೆಯ ಜೊತೆಗೇ ದೊಡ್ಡವ್ವ ನೆನಪಾದಳು...

ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬಂದ ಮನೆತನಗಳಲ್ಲಿ ಮಕ್ಕಳ ಸಂಖ್ಯೆ ಹೇಗೆ ಬದಲಾಯಿತು ಎಂಬುದು ಆಗ ನನ್ನ ಸಂಶೋಧನೆಯ ವಿಷಯ. ಜಮಖಂಡಿಯಿಂದ ಬಸ್ಸು ಹಿಡಿದು ಬೀಳಗಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಹೋಗುತ್ತಿದ್ದೆ. ಅಲ್ಲಿ ನನ್ನ ಚೀಲಕ್ಕೆ ಜಾಗ, ಹೊಟ್ಟೆಗೆ ರೊಟ್ಟಿ ಕೊಟ್ಟವಳು ಆಕೆ. ಓಣಿಯವರಂತೆ ನಾನೂ ದೊಡ್ಡವ್ವ ಎನ್ನುತ್ತಿದ್ದೆ. ಮುಖ ಗಂಟಿಕ್ಕಿದ ಮನೆಗಳಲ್ಲೂ "ನಮ್ಮ ಹುಡುಗಿ ಐತಿ, ಹೇಳ್ರಿ" ಎಂದು ನನ್ನನ್ನು ಒಳಗೆ ಕೂರಿಸುತ್ತಿದ್ದಳು. ಅವಳ ಮನೆಯ ಲೆಕ್ಕವನ್ನು ಮಾತ್ರ ಕೊನೆಯ ದಿನಕ್ಕೆ ಉಳಿಸಿಕೊಂಡಿದ್ದೆ. ಎಲ್ಲಿ ಹೋದೀತು ಎಂಬ ಸಸಾರ.

"ನಾಕು ಹಡದೇನಿ ತಂಗಿ. ಮೂರು ಅದಾವು, ಚೊಚ್ಚಲದ್ದು ನೀರಾಗೈತಿ" ಎಂದಳು.

ಮುಳುಗಿತೇ ಎಂದು ಕೇಳಿದೆ.

"ಇಲ್ಲಬೇ, ಜ್ವರ ಬಂದು ಹೋತು. ಹೊಲದ ಬದುವಿನ್ಯಾಗ ಮಣ್ಣು ಮಾಡಿದ್ವಿ. ಈಗ ಅದರ ಮ್ಯಾಲ ಹೊಳಿ ನಿಂತೈತಿ. ಅದನ್ನ ಎಲ್ಲೂ ಯಾರೂ ಬರದಿಲ್ಲ... ನಿನ್ನ ಪುಸ್ತಕದಾಗರ ಇರಲಿ."

ತೀರಿಕೊಂಡ ಪ್ರತಿ ಮಗುವಿಗೂ ಬೇರೆ ಹಳದಿ ಹಾಳೆ ತುಂಬಬೇಕಿತ್ತು: ಹೆಸರು, ವಯಸ್ಸು, ಬೇನೆ, ಔಷಧ, ಎರಡೂ ಮಗ್ಗುಲು ಪ್ರಶ್ನೆಗಳು. ಹೊರಗೆ ಬಸ್ಸು ಹಾರ್ನ್ ಹೊಡೆಯಿತು. "ಬರಕೊಂಡೆ ದೊಡ್ಡವ್ವ" ಎಂದು ಎದ್ದುಬಿಟ್ಟೆ. ಬಸ್ಸಿನಲ್ಲಿ ಕುಳಿತು, ಅವಳ ಮನೆಯ ಪಟ್ಟಿಯಲ್ಲಿ ಹೆತ್ತದ್ದು ಮೂರು, ತೀರಿದ್ದು ಸೊನ್ನೆ ಎಂದು ತುಂಬಿದೆ. ಹಾಗೆ ಬರೆದರೆ ಹಳದಿ ಹಾಳೆಯ ಗೊಡವೆಯೇ ಇಲ್ಲವಲ್ಲ. ಕೋಷ್ಟಕಗಳು ಚೆಂದ ಕೂಡಿದವು, ಪದವಿಯೂ ಬಂತು. ಆಗ ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಈಗ ಸುಡುವುದು ಅದೇ.

ಕಟ್ಟು ಸಿಕ್ಕ ಮರುದಿನವೇ ಹೋದೆ, ತಪ್ಪೊಪ್ಪಿಕೊಳ್ಳಬೇಕೆಂದು. ದೊಡ್ಡವ್ವ ತೀರಿಕೊಂಡು ವರ್ಷಗಳೇ ಆಗಿದ್ದವು. ಗಂಡ ಅದಕ್ಕೂ ಮೊದಲೇ ಹೋಗಿದ್ದನಂತೆ. ಸೊಸೆ ಚಹಾ ತಂದಿಟ್ಟು, ನಾನು ಯಾರೆಂದು ತಿಳಿದದ್ದೇ ಹತ್ತಿರ ಬಂದು ಕುಳಿತಳು.

"ಅಮಾಸಿಗೊಮ್ಮೆ ನಮ್ಮತ್ತಿ ಜಮಖಂಡಿ ಕಡೆ ಮಾರಿ ಮಾಡಿ ಕೈ ಮುಗೀತಿದ್ರು ನೋಡ್ರಿ. ಹೊಳಿ ಕಡೆ ಅಲ್ಲ. ನನ್ನ ಕೂಸು ಈಗ ಅಲ್ಲಿ ಪುಸ್ತಕದಾಗ ಐತಿ ಅಂತಿದ್ರು."

ಖರೆ ಹೇಳಲಿಲ್ಲ. ಕೂಸಿನ ಹೆಸರೇನಿತ್ತು ಎಂದಷ್ಟೇ ಕೇಳಿದೆ.

ಸೊಸೆ ನನ್ನ ಮುಖ ನೋಡಿದಳು. "ನಮಗ್ಯಾರಿಗೂ ಗೊತ್ತಿಲ್ರಿ. ಅತ್ತಿ ಹೆಸರು ಬಾಯಾಗ ತರ್ತಿರಲಿಲ್ಲ. ನೀವು ಬರಕೊಂಡೀರಲ್ರಿ?"

ಹೆಸರನ್ನು ನಾನು ಅಂದು ಕೇಳಿಯೇ ಇರಲಿಲ್ಲ.