ಟೀಚರ್ ಮನೆಯ ಹಸಿರು ನೀರು

ಪೌರನೀತಿ ಪಾಠ ಮಾಡುವ ಆ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಕೊನೇ ಬೆಂಚಿನ ಟೀಚರ್. ಪುಸ್ತಕ ಮುಚ್ಚಿಸಿ, ಬೀದಿಯಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದನ್ನು ಮಕ್ಕಳಿಗೇ ಬಿಟ್ಟು, ತಾವು ಹೋಗಿ ಕೊನೇ ಬೆಂಚಿನಲ್ಲಿ ಕೂತುಬಿಡುತ್ತಿದ್ದರು. ಉಳಿದ ಮೇಷ್ಟ್ರುಗಳು ಮೂಗು ಮುರಿದರೂ ಟೀಚರ್ ಸೊಪ್ಪು ಹಾಕಿದವರಲ್ಲ. ಅವರದ್ದು ಒಂದೇ ಕಟ್ಟುನಿಟ್ಟು: ಯಾರದೇ ತಪ್ಪು ಕಂಡರೂ ಬಡಾವಣೆಯ ಸಭೆಯಲ್ಲಿ ಹೇಳುವ ಮೊದಲು ಅವರ ಬಾಗಿಲು ತಟ್ಟಿ, ಮುಖ ನೋಡಿ ಕೇಳಬೇಕು.

ಈ ಸಲ ಮಕ್ಕಳು ಕೈಗೆತ್ತಿಕೊಂಡದ್ದು ಶಾಲೆಯ ಹಿಂದಿನ ಮಳೆನೀರಿನ ಕಾಲುವೆ. ಮಳೆ ಇಲ್ಲದಾಗಲೂ ಅದು ಹರಿಯುತ್ತಿತ್ತು, ಮೂಗು ಬಿಡಲಾಗದಷ್ಟು ನಾರುತ್ತಿತ್ತು. ಕೆಳಗಿನ ಓಣಿಯ ಚಿಕ್ಕಮಕ್ಕಳು ಅದರಲ್ಲೇ ಆಡಿ ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದರು. ಯಾರದೋ ಮನೆಯ ಕಕ್ಕಸಿನ ಪೈಪು ಒಳಚರಂಡಿ ಬಿಟ್ಟು ಕಾಲುವೆಗೆ ಸೇರಿದೆ ಎಂಬುದು ಮಕ್ಕಳ ಗುಮಾನಿ. ಪತ್ತೆ ಮಾಡುವುದು ಸುಲಭ: ಮನೆಮನೆಯ ಕಮೋಡಿಗೆ ಬಣ್ಣದ ನೀರು ಸುರಿಯುವುದು, ಕಾಲುವೆಯಲ್ಲಿ ಬಣ್ಣ ಕಾಣುತ್ತದೋ ನೋಡುವುದು. ಆದರೆ ಜನ ಒಳಗೆ ಬಿಡಬೇಕಲ್ಲ?

"ನಮ್ಮನೇಲಿ ಮೊದ್ಲು ಮಾಡೋಣ," ಎಂದರು ಟೀಚರ್. "ಪೈಪು ಸರಿಯಿದ್ರೆ ಬಣ್ಣ ಬರಲ್ಲ ಅಂತ ಆಮೇಲೆ ಎಲ್ರನ್ನೂ ಕರೆದು ತೋರಿಸಿದ್ರಾಯ್ತು."

ತಾವೇ ಹಸಿರು ಬಣ್ಣ ಸುರಿದು, ಕೈ ತೊಳೆದು, ನಗುನಗುತ್ತ ಕಾಲುವೆಯ ಹತ್ತಿರ ಬಂದರು. ನೀರು ಹಸಿರಾಗಿತ್ತು. ಊರಿಗೆಲ್ಲ ಬುದ್ಧಿ ಹೇಳಿದವರ ಮನೆಯದೇ ಪೈಪು!

ಮನೆಗೆ ಬಂದು ಗಂಡನನ್ನು ಕೇಳಿದರು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಮನೆ ಕಟ್ಟೋವಾಗ ಒಳಚರಂಡಿಗೆ ಸೇರಿಸೋಕೆ ರಸ್ತೆ ಅಗೀಬೇಕಿತ್ತು ಕಣೆ. ಕಾಲುವೆಗೆ ಬಿಟ್ಬಿಡೋಣ, ಯಾರಿಗೆ ಗೊತ್ತಾಗತ್ತೆ ಅಂದ ಮೇಸ್ತ್ರಿ. ಹೂಂ ಅಂದೆ. ನಿಂಗೆ ಹೇಳಿದ್ರೆ ಬಿಡ್ತಿದ್ಯಾ?"

ಅಷ್ಟರಲ್ಲಿ ಮಕ್ಕಳ ದಂಡು ಗೇಟಿನ ಬಳಿ ಬಂದಿತ್ತು; ಟೀಚರ್ ಹೊರಗೆ ಬಂದರು. ಮಾತುಮಾತಿಗೆ ವಾದ ಹೂಡುವುದಕ್ಕೆ ವಕೀಲಮ್ಮ ಎಂದೇ ಹೆಸರಾದ ಹುಡುಗಿ ಮುಂದೆ ನಿಂತಿದ್ದಳು.

"ಟೀಚರ್, ಬೇರೆ ಯಾರೂ ನೋಡಿಲ್ಲ. ನಿಮ್ಮನೆ ಬಿಟ್ಟು ಪಕ್ಕದ ಬೀದಿಯಿಂದ ಶುರು ಮಾಡ್ತೀವಿ. ಎಲ್ರೂ ಒಪ್ಪಿದಾರೆ."

ಈ ಮಾತಿನ ಮುಂದೆ ಹಸಿರು ನೀರು ಏನೂ ಅಲ್ಲ ಎನಿಸಿತು ಟೀಚರಿಗೆ. ಮುಚ್ಚಿಹಾಕುವುದನ್ನು ಮಕ್ಕಳು ಕಲಿತಿದ್ದರು, ಅದೂ ತನ್ನ ಮೇಲಿನ ಪ್ರೀತಿಯಿಂದ. ಈಗ ತಾನೂ ಹೂಂ ಎಂದರೆ ಇಷ್ಟು ವರ್ಷದ ಪಾಠವೆಲ್ಲ ಆ ಕಾಲುವೆಯ ಪಾಲು.

"ನೀವಿನ್ನೂ ಬಾಗಿಲೇ ತಟ್ಟಿಲ್ಲ," ಎಂದವರು ಒಳಗೆ ಹೋಗಿ ಕದ ಹಾಕಿಕೊಂಡರು.

ಕದದ ಹಿಂದೆಯೇ ನಿಂತರು. ಹೊರಗೆ ಪಿಸುಪಿಸು ಮಾತು, ಆಮೇಲೆ ಚಪ್ಪಲಿಗಳ ಸದ್ದು ಗೇಟಿನಾಚೆ ಹೋಯಿತು. ಬಾಗಿಲು ಯಾರೂ ತಟ್ಟಲಿಲ್ಲ.

"ಹೋದ್ರಲ್ಲ, ಬಚಾವಾದ್ವಿ," ಎಂದರು ಗಂಡ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ವಕೀಲಮ್ಮ ಒಬ್ಬಳೇ, ಅತ್ತು ಕಣ್ಣು ಕೆಂಪಾಗಿತ್ತು. ಟೀಚರ್ ಎನ್ನಲಿಲ್ಲ ಅವಳು.

"ನಮಸ್ಕಾರ ಆಂಟಿ. ನಿಮ್ಮನೆ ಪೈಪು ಕಾಲುವೆಗೆ ಸೇರಿದೆ. ಯಾವತ್ತು ಸರಿ ಮಾಡಿಸ್ತೀರಾ? ಸಭೇಲಿ ಹೇಳ್ಬೇಕು."

ಟೀಚರ್ ಬಾಗಿಲನ್ನು ಪೂರ್ತಿ ತೆರೆದು ಗಂಡನ ಕಡೆ ತಿರುಗಿದರು.

"ಕೇಳ್ತಿದಾಳಲ್ರೀ, ಹೇಳಿ."